ಒಪ್ಪಿಸುವ ಮಾತಿನ ಬಗೆ
(ಸುಂಕದಕಟ್ಟೆಯಲ್ಲಿ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಿಮಗೆಲ್ಲ ಗೊತ್ತು. ಆದರೆ ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗೆಲ್ಲುವುದೇ ಬೇರೆ, ಎದುರಿಗಿರುವವರನ್ನು ಒಪ್ಪಿಸುವುದೇ ಬೇರೆ. ಇಂದು ಎರಡನೆಯದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲ ಸಾಧನ ಪುನರುಕ್ತಿ. ಉರ್ದುವಿನಲ್ಲಿ ಇದು 'ತಕ್ರಾರ್'. ಆ ಪದಕ್ಕೆ ಜಗಳ ಎಂಬ ಅರ್ಥವೂ ಉಂಟು. ಕನ್ನಡಕ್ಕೆ 'ತಕರಾರು' ಆಗಿ ಬಂದಾಗ ಜಗಳವೊಂದೇ ಉಳಿಯಿತು! 12ನೇ ಶತಮಾನದ ಬಸವಣ್ಣನವರು ತಮ್ಮ ಪ್ರಸಿದ್ಧ ವಚನವೊಂದರಲ್ಲಿ ಏಳು ಸಲ 'ಬೇಡ' ಎನ್ನುತ್ತಾರೆ. ಪ್ರತಿ 'ಬೇಡ'ವೂ ಬೇರೊಂದು ತಪ್ಪನ್ನು ತೋರಿಸುವುದರಿಂದ ಬೇಸರವಾಗುವುದಿಲ್ಲ, ಮನಸ್ಸಿನಲ್ಲಿ ನಿಲ್ಲುತ್ತದೆ. ಹೊಸದೇನೂ ಇಲ್ಲದೆ ಹೇಳಿದ್ದನ್ನೇ ಹೇಳಿದರೆ ಅದು ತಕರಾರೇ ಸರಿ.

ಎರಡನೆಯದು ಪ್ರಶ್ನೆ. 1947ರ ಅಕ್ಟೋಬರ್‌ನಲ್ಲಿ ಮೌಲಾನಾ ಅಬುಲ್ ಕಲಾಂ ಆಜಾದ್ ದೆಹಲಿಯ ಜಾಮಾ ಮಸೀದಿಯಲ್ಲಿ ಮಾತನಾಡಿದರು. ವಿಭಜನೆಯ ಭಯದಿಂದ ಜನ ಊರು ಬಿಟ್ಟು ಹೊರಟಿದ್ದ ಕಾಲ. ಎಲ್ಲಿಗೆ, ಏಕೆ ಹೋಗುತ್ತಿದ್ದೀರಿ ಎಂದು ಅವರು ಕೇಳಿದರು. ಆ ಮಸೀದಿಯ ಮಿನಾರುಗಳೇ ಪ್ರಶ್ನಿಸುತ್ತಿವೆ ಎಂಬಂತೆ ಮಾತನಾಡಿದರು. ಉತ್ತರ ಕೇಳುಗರ ಕಣ್ಣೆದುರೇ ನಿಂತಿತ್ತು.

ಇದನ್ನು ಪಾಠ ಹೇಳುವ ನಾನೇ ಒಮ್ಮೆ ಸೋತೆ. ನಮ್ಮ ವಿದ್ಯಾರ್ಥಿನಿಯೊಬ್ಬಳನ್ನು ಎಸ್ಸೆಸ್ಸೆಲ್ಸಿ ಆದ ಮೇಲೆ ಗಾರ್ಮೆಂಟ್ಸ್ ಕೆಲಸಕ್ಕೆ ಕಳುಹಿಸಲು ಮನೆಯವರು ನಿರ್ಧರಿಸಿದ್ದರು. ನಾನು ಅವರ ಮನೆಗೆ ಹೋಗಿ ವಿದ್ಯೆಯ ಮಹತ್ವದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ತಂದೆ "ಸರಿ ಸಾರ್, ಸರಿ ಸಾರ್" ಎಂದರೇ ಹೊರತು ಒಪ್ಪಲಿಲ್ಲ. ಹೊರಡುವಾಗ ಸುಮ್ಮನೆ ಕೇಳಿದೆ: "ಭಾಯಿ, ಬ್ಯಾಂಕಿನ ಚಲನ್ ನಿಮಗೆ ಯಾರು ಬರೆದುಕೊಡುತ್ತಾರೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗಳೇ ಸಾರ್" ಎಂದರು. ನಂತರ, "ಒಂದು ವರ್ಷ ಓದಲಿ, ನೋಡೋಣ" ಎಂದರು. ನನ್ನ ಅರ್ಧ ಗಂಟೆಗಿಂತ ಅವರದೇ ಉತ್ತರ ದೊಡ್ಡದಾಯಿತು.

ಪ್ರಿಯ ವಿದ್ಯಾರ್ಥಿಗಳೇ, ಒಂದು ಎಚ್ಚರಿಕೆ. ಇದೇ ಸಾಧನಗಳಿಂದ ಸುಳ್ಳನ್ನೂ ಮಾರಬಹುದು. ಸುಳ್ಳನ್ನು ಹತ್ತು ಸಲ ಹೇಳಿದರೆ ಕಿವಿಗೆ ಪರಿಚಿತವಾಗುತ್ತದೆ; ಪರಿಚಿತವಾದುದನ್ನು ಮನಸ್ಸು ನಿಜವೆಂದು ನಂಬಿಬಿಡುತ್ತದೆ. ಆದ್ದರಿಂದ ಯಾರದೇ ಭಾಷಣ ಕೇಳಿ ಚಪ್ಪಾಳೆ ತಟ್ಟುವ ಮುನ್ನ ಪ್ರಾಸ, ಪ್ರಶ್ನೆ, ಪುನರುಕ್ತಿಗಳನ್ನು ತೆಗೆದುಹಾಕಿ ನೋಡಿ. ಉಳಿದದ್ದು ನಿಜವಾಗಿದ್ದರೆ ಒಪ್ಪಿ. ಏನೂ ಉಳಿಯದಿದ್ದರೆ ಕೈಕಟ್ಟಿ ಕುಳಿತುಕೊಳ್ಳಿ. ನನ್ನ ಈ ಭಾಷಣಕ್ಕೂ ಅದೇ ನಿಯಮ.