ಮುಗಿಯದ ಕಥೆ ಯಾರ ಕೈಯಲ್ಲಿ?



ಕಾದಂಬರಿಗಳು ತೆರೆಗೆ ಬಂದ ಚರಿತ್ರೆ ಹೇಳುವುದಕ್ಕೆ ನಾವು ಹಾಸನ ಜಿಲ್ಲೆಯ ದುದ್ದದ ಕಡೆಯವರು ಬಹಳ ದೂರ ಹೋಗಬೇಕಿಲ್ಲ. ಅರಕಲಗೂಡಿನ ಮನೆತನದ ಅ.ನ. ಕೃಷ್ಣರಾಯರ 'ಸಂಧ್ಯಾರಾಗ' 1966ರಲ್ಲಿ ಚಿತ್ರವಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹದಿಂದ 1974ರಲ್ಲಿ ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' ಹುಟ್ಟಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರಂತೂ ಕನ್ನಡದ ನಿರ್ದೇಶಕರನ್ನು ಮತ್ತೆಮತ್ತೆ ತಮ್ಮ ಪುಸ್ತಕಗಳ ಕಡೆಗೆ ಸೆಳೆದರು. ಇವೆಲ್ಲ ಬರೆದು ಮುಗಿದಿದ್ದ ಕಥೆಗಳು. ನಿರ್ದೇಶಕ ಏನೇ ಬದಲಿಸಿದರೂ ಲೇಖಕ ಬರೆದ ಕೊನೆ ಅಚ್ಚಾಗಿ ಓದುಗನ ಕೈಯಲ್ಲಿತ್ತು. ಕಥೆಯೇ ಇನ್ನೂ ಮುಗಿದಿಲ್ಲ, ಆಗಲೇ ಅದು ತೆರೆಗೆ ಹೋದರೆ ಏನಾಗುತ್ತದೆ? ನಾನು ಮಾತಾಡಬೇಕೆಂದಿರುವುದು ಅದರ ಬಗ್ಗೆ.

ಒಂದಕ್ಕಿಂತ ಹೆಚ್ಚು ಪುಸ್ತಕಗಳಲ್ಲಿ ಹರಡಿದ ಕಥೆಯೆಂದರೆ ಮೊದಲು ನೆನಪಾಗುವುದು 'ನಾಗರಹಾವು'. ತ.ರಾ. ಸುಬ್ಬರಾಯರು ರಾಮಾಚಾರಿಯ ಬಾಳನ್ನು ಮೂರು ಕಾದಂಬರಿಗಳಲ್ಲಿ ಬರೆದಿದ್ದರು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಪುಟ್ಟಣ್ಣ ಕಣಗಾಲರು 1972ರಲ್ಲಿ ಆ ಮೂರನ್ನೂ ಒಂದೇ ಚಿತ್ರದಲ್ಲಿ ಹೊಸೆದರು. ಜನ ಮುಗಿಬಿದ್ದು ನೋಡಿದರು, ವಿಷ್ಣುವರ್ಧನ್ ಮನೆಮಾತಾದರು. ತ.ರಾ.ಸು. ಅವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಇದು ನಾಗರಹಾವಲ್ಲ, ಕೇರೆಹಾವು ಎಂದು ಅವರು ಬೇಸರಪಟ್ಟರೆಂಬ ಮಾತು ಇಂದಿಗೂ ಓಡಾಡುತ್ತಿದೆ. ನನಗೆ ಆ ಚಿತ್ರ ಬಹಳ ಇಷ್ಟ. ಆದರೂ ಲೇಖಕರ ನೋವು ನ್ಯಾಯವಾದದ್ದೇ. ಒಂದು ಪಾತ್ರ ಮೂರು ಪುಸ್ತಕಗಳಷ್ಟು ಕಾಲ ಬೆಳೆದು ಮಾಗಬೇಕೆಂದು ಬರೆದವರಿಗೆ, ಆ ಕಾಲವನ್ನೇ ಕಿತ್ತುಕೊಂಡ ಹಾಗಾಗುತ್ತದೆ.

ಮೈಸೂರಿನ ಆರ್.ಕೆ. ನಾರಾಯಣರಿಗೆ ಅದಕ್ಕೂ ಮೊದಲೇ ಈ ಅನುಭವವಾಗಿತ್ತು. ಅವರ ಕಾದಂಬರಿ ಆಧರಿಸಿದ 'ಗೈಡ್' ಹಿಂದಿ ಚಿತ್ರ 1965ರಲ್ಲಿ ಬಂದಾಗ ಅವರ ಕಲ್ಪನೆಯ ಊರು ಮಾಲ್ಗುಡಿ ರಾಜಸ್ಥಾನಕ್ಕೆ ಗುಳೆ ಹೋಗಿತ್ತು. ಆ ಸಂಕಟವನ್ನು ಅವರು ಪ್ರಬಂಧವಾಗಿ ಬರೆದೇ ತೀರಿಸಿಕೊಂಡರು. ಸುಮಾರು ಇಪ್ಪತ್ತು ವರ್ಷಗಳ ನಂತರ ಶಂಕರ್‌ನಾಗ್ ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ಮಾಡಿದರು. ಮಲೆನಾಡಿನ ಆಗುಂಬೆ ಮಾಲ್ಗುಡಿಯಾಯಿತು, ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಪರದೆಯ ಮೇಲೆ ಬಂದವು. ಕಂತುಕಂತಾಗಿ ಹೇಳುವ ದೂರದರ್ಶನಕ್ಕೆ ಬಿಡಿಬಿಡಿ ಕಥೆಗಳು ಚೆನ್ನಾಗಿ ಒಗ್ಗಿದವು.

ಇನ್ನು ನಮ್ಮ ಸೀಮೆಯ ಭೈರಪ್ಪನವರ 'ಗೃಹಭಂಗ'. ಶ್ಯಾನುಭೋಗಿಕೆಯ ಲೆಕ್ಕದ ಪುಸ್ತಕಗಳಿಗೆ ತಾನೇ ಗೆರೆ ಹಾಕಿ, ತಾನೇ ಬರೆದು ಸಂಸಾರ ತೂಗಿಸುವ ನಂಜಮ್ಮ. ಕೈಲಾಗದ ಗಂಡ, ಬಾಯಿ ಬಿಟ್ಟರೆ ಬೈಗುಳದ ಅತ್ತೆ, ಬೆಳೆದ ಮಕ್ಕಳನ್ನು ನುಂಗುವ ಪ್ಲೇಗು. 1970ರ ಈ ಕಾದಂಬರಿಯ ಕೊನೆಯಲ್ಲಿ ತಾಯಿ ನಂಜಮ್ಮನೂ ಇಲ್ಲದ ಹುಡುಗ ವಿಶ್ವ, ಮನೆಯ ಹಿತೈಷಿ ಮಹಾದೇವಯ್ಯನವರ ಜೊತೆ ಊರು ಬಿಟ್ಟು ಹೊರಡುತ್ತಾನೆ. ಮುಂದೇನಾದ ಎಂಬ ಪ್ರಶ್ನೆ ಓದಿದವರನ್ನು ಬಿಡುವುದಿಲ್ಲ. 1976ರಲ್ಲಿ 'ಅನ್ವೇಷಣ' ಬರೆದು ಭೈರಪ್ಪನವರೇ ಅವನ ಜಾಡು ಹಿಡಿದರು. ಗಿರೀಶ ಕಾಸರವಳ್ಳಿಯವರು 'ಗೃಹಭಂಗ'ವನ್ನು ಕಿರುತೆರೆಯ ಧಾರಾವಾಹಿ ಮಾಡುವ ಹೊತ್ತಿಗೆ ವಿಶ್ವನ ಮುಂದಿನ ಬಾಳು ಅಚ್ಚಾಗಿ ಎಷ್ಟೋ ವರ್ಷಗಳಾಗಿದ್ದವು. ಅದನ್ನು ಇನ್ನೊಬ್ಬರು ಊಹಿಸಿ ಬರೆಯಬೇಕಾದ ಗತಿ ಬರಲಿಲ್ಲ. ಅದೇ ಕಾಸರವಳ್ಳಿಯವರು ಭೈರಪ್ಪನವರದೇ 'ನಾಯಿ ನೆರಳು' ಕಾದಂಬರಿಯನ್ನು ಚಿತ್ರ ಮಾಡಿದಾಗ ಕಥೆಯನ್ನು ವೆಂಕಟಲಕ್ಷ್ಮಿಯ ಕಣ್ಣಿನಿಂದ ನೋಡಿದರು, ದೃಷ್ಟಿಯೇ ಬೇರೆಯಾಯಿತು. ಪುಸ್ತಕ ಪೂರ್ಣವಾಗಿದ್ದುದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ವಾದ ಮಾಡುವ ಅವಕಾಶ ನಮಗಿದೆ.

ಅಮೆರಿಕದ ಜಾರ್ಜ್ ಆರ್.ಆರ್. ಮಾರ್ಟಿನ್ನರ ಓದುಗರಿಗೆ ಆ ಅವಕಾಶ ಸಿಕ್ಕಿಲ್ಲ. 1996ರಲ್ಲಿ ಮೊದಲಾದ ಅವರ ಕಾದಂಬರಿ ಸರಣಿಯ ಐದನೆಯ ಪುಸ್ತಕವೂ ಆ ಸರಣಿಯನ್ನು ಆಧರಿಸಿದ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯೂ 2011ರಲ್ಲೇ ಬಂದವು. 2016ರ ಹೊತ್ತಿಗೆ ಧಾರಾವಾಹಿ ಪುಸ್ತಕವನ್ನು ದಾಟಿ ಓಡಿತು, 2019ರಲ್ಲಿ ಮುಗಿದೂ ಹೋಯಿತು. ಕೊನೆ ಹೇಗಿರಬೇಕೆಂದು ಅವರು ನಿರ್ಮಾಪಕರಿಗೆ ಮೊದಲೇ ತಿಳಿಸಿದ್ದರು. ಆದರೆ ಕಥೆಯ ಜೀವ ಇರುವುದು ಅಲ್ಲಿಗೆ ಹೋಗುವ ದಾರಿಯಲ್ಲಿ. ಆ ದಾರಿಯನ್ನು ಬೇರೆಯವರು ಹಾಕಿದರು. ಅದೇ ಲೋಕದ ಇನ್ನೊಂದು ಧಾರಾವಾಹಿಯಲ್ಲಾದ ಬದಲಾವಣೆಗಳ ಬಗ್ಗೆ 2024ರಲ್ಲಿ ಅವರು ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು.

ನಮ್ಮ ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು, ಹಕ್ಕು ಮಾರಿದ ಮೇಲೂ ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಅಧಿಕಾರವನ್ನು ಲೇಖಕರಿಗೆ ಉಳಿಸಿದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ಇದನ್ನು ಹಿಡಿದೇ ನ್ಯಾಯಾಲಯಕ್ಕೆ ಹೋದರು. ಅವರ 'ಆಪ್ ಕಾ ಬಂಟಿ' ಆಧರಿಸಿ ತೆಗೆದ ಚಿತ್ರ ಕಾದಂಬರಿಯನ್ನು ಕೆಡಿಸಿದೆ ಎಂಬುದು ದೂರು. 1986ರಲ್ಲಿ ದೆಹಲಿ ಹೈಕೋರ್ಟು ಲೇಖಕರ ಈ ಹಕ್ಕನ್ನು ಎತ್ತಿಹಿಡಿಯಿತು. ಕೊನೆಗೆ ರಾಜಿಯಾಗಿ, ಚಿತ್ರದಿಂದ ಅವರ ಹೆಸರೂ ಕಾದಂಬರಿಯ ಹೆಸರೂ ಹೋದವು. 1994ರ ತಿದ್ದುಪಡಿಯಿಂದ ಈ ಹಕ್ಕು ಸ್ವಲ್ಪ ಸೊರಗಿತು. ಬದಲಾವಣೆಯಿಂದ ಲೇಖಕರ ಗೌರವಕ್ಕೆ, ಹೆಸರಿಗೆ ಧಕ್ಕೆಯಾಗಿದೆ ಎಂದು ಈಗ ತೋರಿಸಬೇಕು. ಇನ್ನೂ ಬರೆಯದ ಭಾಗವನ್ನು ವಿರೂಪಗೊಳಿಸಿದರು ಎಂದು ಯಾವ ಲೇಖಕ ತೋರಿಸಿಯಾನು? ಅದಕ್ಕೇ ನಾನು ಹೇಳುವುದು, ಕರಾರಿಗೆ ಸಹಿ ಹಾಕುವ ಮೊದಲು ಮುಂದಿನ ಭಾಗಗಳ ಹಕ್ಕನ್ನು ಲೇಖಕರು ತಮ್ಮಲ್ಲೇ ಉಳಿಸಿಕೊಳ್ಳಬೇಕು. ಒಟ್ಟು ಮೊತ್ತದ ಆಸೆಗೆ ಅದನ್ನು ಬಿಟ್ಟುಕೊಡಬಾರದು.

ಕಾದಂಬರಿಗಾರ್ತಿ ತ್ರಿವೇಣಿಯವರಿಗೆ ಹಾಗೆ ಹಕ್ಕು ಕಾಯ್ದುಕೊಳ್ಳುವಷ್ಟು ಆಯುಷ್ಯವೂ ದಕ್ಕಲಿಲ್ಲ. ಅವರು 1963ರಲ್ಲಿ ತೀರಿಕೊಂಡರು. ತಮ್ಮ ಕಾದಂಬರಿಗಳನ್ನು ಆಧರಿಸಿದ 'ಬೆಳ್ಳಿಮೋಡ', 'ಶರಪಂಜರ' ಚಿತ್ರಗಳನ್ನು ಅವರು ನೋಡಲೇ ಇಲ್ಲ. ಅರ್ಧಕ್ಕೆ ನಿಂತ 'ಅವಳ ಮನೆ' ಕಾದಂಬರಿಯನ್ನು ಲೇಖಕಿ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ಲೇಖಕರು ತೀರಿಕೊಂಡ ಮೇಲೆ ಕೃತಿಸ್ವಾಮ್ಯ ಅರವತ್ತು ವರ್ಷ ಉಳಿಯುತ್ತದೆ. ಹಾಗಾಗಿ 2024ರ ಜನವರಿ 1ರಿಂದ ತ್ರಿವೇಣಿಯವರು ಬದುಕಿದ್ದಾಗಲೇ ಪ್ರಕಟವಾದ ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಧಾರಾವಾಹಿ ಮಾಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. 'ಅವಳ ಮನೆ'ಗೆ ಕೈ ಹಾಕುವವರು ಮಾತ್ರ ತ್ರಿವೇಣಿಯವರ ಬರವಣಿಗೆ ಎಲ್ಲಿ ನಿಂತಿತು ಎಂಬುದನ್ನು ಮೊದಲು ಪತ್ತೆ ಮಾಡಬೇಕು. ಅಲ್ಲಿಂದ ಮುಂದಿನದು ಪದ್ಮಾ ಅವರ ಬರವಣಿಗೆ, ಅದರ ಹಕ್ಕಿನ ಲೆಕ್ಕವೇ ಬೇರೆ.