ಕಲ್ಲು ಕಲ್ಲಾಗಿ ಕಾಣಬೇಕಾದರೆ
(ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈಚೆಗೆ ನಮ್ಮ ಮಕ್ಕಳಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಶಿಲ್ಪ ಕಡೆಯುವ ವಿದ್ಯೆ ಕಲಿಯುತ್ತಿದ್ದಾರೆ. ಬ್ಲೆಂಡರ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುವುದರಿಂದ ಬಡವರ ಮಕ್ಕಳಿಗೂ ಈ ವಿದ್ಯೆ ನಿಲುಕುವಂತಾಗಿದೆ. ಸಂತೋಷದ ಮಾತು. ಆದರೆ ಅವರು ಕಡೆದ ವೇರೂಳಿನ ಕೈಲಾಸವು ಪರದೆಯ ಮೇಲೆ ಮೇಣದ ಬೊಂಬೆಯಂತೆ ಕಾಣುವುದುಂಟು. ಆಕಾರ ಸರಿಯಿದ್ದರೂ ಹೀಗೇಕೆ? ಕೊರತೆಯಿರುವುದು ಕಲ್ಲಿನ ಗುಣದಲ್ಲಿ ಮತ್ತು ಬೆಳಕಿನಲ್ಲಿ.

ಮೊದಲು ಗುಣದ ಮಾತು. ಗಿರಣಿಯಲ್ಲಿರುವ ನಮಗೆ ಇದು ಹೊಸತಲ್ಲ. ಒಂದೇ ಬಣ್ಣದಲ್ಲಿ ಅದ್ದಿದ ಖಾದಿಯೂ ಸ್ಯಾಟಿನ್ನೂ ಒಂದೇ ಬಗೆಯಾಗಿ ಕಾಣುವುದಿಲ್ಲ. ಒಂದು ಬೆಳಕನ್ನು ಚೆದರಿಸುತ್ತದೆ, ಇನ್ನೊಂದು ಹೊಳೆಯಿಸುತ್ತದೆ. ತಂತ್ರಾಂಶದಲ್ಲಿ ಇದಕ್ಕೆ ‘ರಫ್‌ನೆಸ್’ ಎಂಬ ಅಳತೆಯುಂಟು: 0 ಎಂದರೆ ಕನ್ನಡಿಯ ನುಣುಪು, 1 ಎಂದರೆ ಪೂರ್ತಿ ಒರಟು. ವೇರೂಳಿನದು ದಖನ್ನಿನ ಬಸಾಲ್ಟ್ ಕಲ್ಲು. ಅದನ್ನು 1ರ ಸಮೀಪದಲ್ಲಿಡಬೇಕು. ಜನರ ಕೈಕಾಲು ತಾಕಿ ಸವೆದ ಕಡೆಗಳಲ್ಲಿ ಮಾತ್ರ ಕೊಂಚ ಇಳಿಸಬೇಕು. ಅಮೃತಶಿಲೆಯ ಹಾಗೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಗುಣವನ್ನು ಇದಕ್ಕೆ ಕೊಟ್ಟರೆ ಅದೇ ಮೇಣವಾಗುತ್ತದೆ. ಅಚ್ಚ ಕಪ್ಪು ಬಣ್ಣವೂ ಬೇಡ, ಕಡುಬೂದು ಸಾಕು. ಉಳಿಯ ಗುರುತುಗಳನ್ನು ಮಿತಿಮೀರಿ ದಪ್ಪ ಮಾಡಿದರೆ ಸುಮಾರು 30 ಮೀಟರು ಎತ್ತರದ ಗುಡಿಯು ಅಂಗೈ ಮೇಲಿನ ಆಟಿಗೆಯಾಗುತ್ತದೆ.

ಇನ್ನು ಬೆಳಕು. ನಾಲ್ಕು ದಿಕ್ಕಿನಿಂದ ದೀಪವಿಟ್ಟರೆ ನೆರಳು ಸಾಯುತ್ತದೆ; ನೆರಳು ಸತ್ತರೆ ಶಿಲ್ಪವೂ ಚಪ್ಪಟೆ. ಕೈಲಾಸವು ಪಶ್ಚಿಮಾಭಿಮುಖ. ಮಧ್ಯಾಹ್ನ ಕಳೆದ ಮೇಲೆ ಸೂರ್ಯನು ಎದುರಿನಿಂದ ಓರೆಯಾಗಿ ಬರುತ್ತಾನೆ. ಆದುದರಿಂದ ಸೂರ್ಯನೊಬ್ಬನೇ ಮುಖ್ಯ ದೀಪವಾಗಲಿ. ಆಕಾಶದ ತಿಳಿ ನೀಲಿ ಬೆಳಕು ನೆರಳಿಗೆ ಸಲ್ಲಲಿ. ಅಂಗಳದ ನೆಲದಿಂದ ಮರಳಿ ಚಿಮ್ಮುವ ಮಂದ ಬೆಳಕು ಕೆಳಗಿನಿಂದ ತಾಕಲಿ. ಕೈಲಾಸವನ್ನು ಅಲುಗಿಸುವ ರಾವಣನ ತೋಳುಗಳ ಹಿಂದೆ ಶಿಲ್ಪಿಯು ಆಳವಾಗಿ ಕೊರೆದಿದ್ದಾನೆ. ಆ ಕತ್ತಲು ತಪ್ಪಾಗಿ ಉಳಿದುದಲ್ಲ, ಬೇಕೆಂದೇ ಮಾಡಿದ್ದು. ಅದನ್ನು ದೀಪ ಹಚ್ಚಿ ಅಳಿಸಬಾರದು.

ಇಷ್ಟು ಜಾಗ್ರತೆ ಏತಕ್ಕೆಂದು ತಾವು ಕೇಳಬಹುದು. ಇದು 8ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಆಳ್ವಿಕೆಯಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆದು ಮಾಡಿದ ಗುಡಿ. 1983ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗವಿಗಳಲ್ಲೊಂದು. ದಿನದ ಕೂಲಿ ಬಿಟ್ಟು ಅಲ್ಲಿಗೆ ಹೋಗಲಾಗದ ನಮ್ಮವರು ಬಹಳ ಮಂದಿ. ಪೂರ್ವಿಕರ ಕೆಲಸವನ್ನು ಅವರು ಕಾಣುವುದು ಈ ಪರದೆಯಲ್ಲಿಯೇ. ಅವರಿಗೆ ಥಳಥಳಿಸುವ ಸುಳ್ಳನ್ನು ತೋರಿಸುವುದು ನ್ಯಾಯವಲ್ಲ. ಹಿಂದೆ ಈ ಗುಡಿಗೆ ಬಿಳಿಯ ಗಾರೆಯೂ ಬಣ್ಣವೂ ಇದ್ದವು. ಅದರ ಕುರುಹು ಇನ್ನೂ ಉಂಟು. ಆ ರೂಪವನ್ನು ಮಾಡುವವರು ಮಾಡಲಿ, ಆದರೆ ಇದು ಅಂದಿನ ರೂಪ, ಊಹೆಯೂ ಸೇರಿದೆ ಎಂದು ಕೆಳಗೆ ಬರೆಯಲಿ.

ಸಂಭಾಜಿನಗರದಿಂದ ವೇರೂಳು ಸುಮಾರು 30 ಕಿಲೋಮೀಟರು. ಮಂಗಳವಾರ ಗವಿಗಳು ಮುಚ್ಚಿರುತ್ತವೆ. ಬೇರೆ ರಜೆಯ ದಿನ ನೋಡಿ ಮಕ್ಕಳನ್ನು ಕರೆದೊಯ್ಯಿರಿ. ಮಧ್ಯಾಹ್ನದಿಂದ ಸಂಜೆಯವರೆಗೆ ಒಂದೇ ಕಂಬದ ಮುಂದೆ ಕೂತು ನೆರಳು ಸರಿಯುವುದನ್ನು ಅವರು ನೋಡಲಿ. ತಂತ್ರಾಂಶದ ಗುಂಡಿಗಳನ್ನು ಆಮೇಲೆ ಒತ್ತಿದರಾಯಿತು.