ಮನೆಗೆ ಬರುವ ಅತಿಥಿ, ಮನೆಯಲ್ಲಿರುವ ಕೈ

(ಕಾಫಿ ಬೆಳೆಗಾರರ ತರಬೇತಿ ಶಿಬಿರವೊಂದರಲ್ಲಿ ಮೂಡಿಗೆರೆ ತಾಲ್ಲೂಕಿನ ಬೆಳೆಗಾರ ಮಹಿಳೆಯೊಬ್ಬರು ಮಾಡಿದ ಭಾಷಣ)



ಹೋಂಸ್ಟೇ ನಡೆಸುವ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಶಿಬಿರದವರು ನನ್ನನ್ನು ಕರೆದಿದ್ದಾರೆ. ನಾನು ಭಾಷಣಕಾರ್ತಿಯಲ್ಲ. ಎಂಟು ಎಕರೆ ಕಾಫಿ, ಅದರ ನಡುವೆ ಒಂದಿಷ್ಟು ಮೆಣಸು, ಒಂದು ಹಳೆಯ ಹೆಂಚಿನ ಮನೆ, ಇಷ್ಟು ನಮ್ಮ ಸಂಸಾರ. ಆ ಮನೆಯಲ್ಲಿ 2012ರಿಂದ ಅತಿಥಿಗಳನ್ನು ಇಳಿಸಿಕೊಳ್ಳುತ್ತಿದ್ದೇವೆ. ಆಳು ಇಟ್ಟುಕೊಂಡೂ ನಡೆಸಿದ್ದೇನೆ, ಆಳಿಲ್ಲದೆಯೂ ನಡೆಸಿದ್ದೇನೆ. ಎರಡರ ಅನುಭವವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಹೋಂಸ್ಟೇ ಮಾಡಬೇಕೆಂದು ಬರುವವರೆಲ್ಲ ಮೊದಲು ಕೇಳುವುದು, ‘ಎಷ್ಟು ಕೋಣೆ ಕಟ್ಟಿಸಲಿ?’ ಎಂದು. ಸಾಲ ಸಿಗುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಸಾಲದ ಮಾತು ಈಗ ಸುಲಭವಾಗಿದೆ. ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲೇ ಹೇಳಿದ್ದಾರೆ. ಆದರೆ ಸಾಲದಿಂದ ಗೋಡೆ ಏಳುತ್ತದೆಯೇ ಹೊರತು ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುವ ಕೈ ಬರುವುದಿಲ್ಲ. ಆದ್ದರಿಂದ ಮನೆಯಲ್ಲಿ ಎಷ್ಟು ಕೈಗಳಿವೆ, ಅವು ಯಾವ ತಿಂಗಳಲ್ಲಿ ಬಿಡುವಾಗಿರುತ್ತವೆ ಎಂಬುದನ್ನು ಮೊದಲು ಎಣಿಸಿ ಎನ್ನುತ್ತೇನೆ.

ನಾವು ಹೀಗೆ ಎಣಿಸಲಿಲ್ಲ. ಮನೆಯೊಳಗೆ ಎರಡು ಕೋಣೆ ಸರಿಪಡಿಸಿದೆವು. ಅವು ತುಂಬತೊಡಗಿದ ಮೇಲೆ ಹಳೆಯ ಗೋದಾಮನ್ನು ಒಡೆದು ಇನ್ನೆರಡು ಮಾಡಿದೆವು. ಅಡಿಗೆಗೆ ಒಬ್ಬ ಹುಡುಗ, ಗುಡಿಸಿ ಒರೆಸಿ ಬಟ್ಟೆ ಒಗೆಯಲು ಪಕ್ಕದ ಊರಿನ ಹೆಣ್ಣುಮಗಳು, ಹೀಗೆ ಇಬ್ಬರು ಸಂಬಳದವರು. ನೋಡುವವರಿಗೆ ವ್ಯವಹಾರ ಚೆನ್ನಾಗಿಯೇ ಇತ್ತು. ಒಂದು ದಿನ ನಾನು ಲೆಕ್ಕ ಬರೆಯುತ್ತಿದ್ದಾಗ ನಮ್ಮ ಅತ್ತೆ ಕೇಳಿದರು: “ಅವರಿಬ್ಬರಿಗೂ ಸಂಬಳ ಕೊಡ್ತೀಯ, ನಿಂಗೆ ಯಾರು ಕೊಡ್ತಾರೆ ಮಾರಾಯ್ತಿ?” ನಾನು ನಕ್ಕುಬಿಟ್ಟೆ. ಆದರೆ ಆ ರಾತ್ರಿಯೇ ಪುಸ್ತಕದಲ್ಲಿ ನನ್ನ ಹೆಸರಿಗೊಂದು ಪುಟ ತೆರೆದೆ.

ಆ ಪುಟದಲ್ಲಿ ಕಂಡದ್ದನ್ನು ಹೇಳುತ್ತೇನೆ. ಎರಡು ಕೋಣೆ, ನಾಲ್ಕು ಅತಿಥಿಗಳು ಎಂದಿಟ್ಟುಕೊಳ್ಳಿ. ಬೆಳಗಿನ ಕಾಫಿ, ತಿಂಡಿ, ಪಾತ್ರೆ ಸೇರಿ ಮೂರೂವರೆ ಗಂಟೆ. ಅವರು ಹೊರಟ ಮೇಲೆ ಹಾಸಿಗೆ ತೆಗೆದು, ಗುಡಿಸಿ, ಒರೆಸಿ, ಶೌಚಾಲಯ ತೊಳೆದು, ಮತ್ತೆ ಹಾಸಲು ಕೋಣೆಯೊಂದಕ್ಕೆ ಮುಕ್ಕಾಲು ಗಂಟೆಯಂತೆ ಒಂದೂವರೆ ಗಂಟೆ. ಒಗೆಯುವುದು, ಒಣಗಿಸುವುದು, ಮಡಿಸುವುದಕ್ಕೆ ಒಂದು ಗಂಟೆ. ಸಂಜೆ ಹೊಸಬರನ್ನು ಬರಮಾಡಿಕೊಂಡು, ಹೆಸರು ಬರೆದುಕೊಂಡು, ತೋಟ ತೋರಿಸಲು ಒಂದೂವರೆ ಗಂಟೆ. ಒಟ್ಟು ಏಳೂವರೆ ಗಂಟೆಯಾಯಿತು. ಇದು ತೋಟದ ಒಂದು ಆಳಿನ ದಿನಕ್ಕೆ ಸರಿಸಮ. ನಾಲ್ಕು ಕೋಣೆಯಾದರೆ ಹನ್ನೆರಡು ಗಂಟೆ ದಾಟುತ್ತದೆ. ಮಧ್ಯಾಹ್ನದ, ರಾತ್ರಿಯ ಊಟವನ್ನು ನಾನು ಇದರಲ್ಲಿ ಸೇರಿಸಿಲ್ಲ. ಊಟ ಒಪ್ಪಿಕೊಂಡವರ ಲೆಕ್ಕ ಬೇರೆ. ನನ್ನ ಗಂಟೆಗಳಿಗೂ ತೋಟದ ಆಳಿಗೆ ಕೊಡುವ ಕೂಲಿಯನ್ನೇ ಹಾಕಿ ನೋಡಿದಾಗ, ನಾಲ್ಕು ಕೋಣೆ ಮತ್ತು ಇಬ್ಬರು ಆಳುಗಳಿಂದ ಉಳಿಯುತ್ತಿದ್ದುದು ಮೊದಲಿನ ಎರಡು ಕೋಣೆಗಳಿಂದ ಉಳಿಯುತ್ತಿದ್ದುದಕ್ಕಿಂತ ಹೆಚ್ಚೇನೂ ಇರಲಿಲ್ಲ. ದಣಿವು ಮಾತ್ರ ಇಮ್ಮಡಿಯಾಗಿತ್ತು.

ಇಷ್ಟು ಗೊತ್ತಿದ್ದೂ ನಾವು ಬಿಡಲಿಲ್ಲ. ಬಿಡಿಸಿದ್ದು 2021ರ ನವೆಂಬರ್ ಮಳೆ. ಆ ವರ್ಷ ಕಾಫಿ ನಾಡಿನಲ್ಲೆಲ್ಲ ಅಕಾಲದ ಮಳೆ ಹೊಡೆದದ್ದು ನಿಮಗೆ ನೆನಪಿರಬಹುದು. ಅರೇಬಿಕಾ ಕೊಯ್ಲು ಆಗಲೇ ಹಿಡಿದಿತ್ತು. ಕೊಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ ಹೆಚ್ಚು ಸಿಗುವುದರಿಂದ ನಮ್ಮ ಹೆಣ್ಣುಮಗಳು ಹಣ್ಣು ಬಿಡಿಸಲು ಹೋಗಿದ್ದಳು. ಅದು ಅವಳ ತಪ್ಪಲ್ಲ. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಅಡಿಗೆಯ ಹುಡುಗ 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದವನು ಮರಳಿರಲೇ ಇಲ್ಲ. ನಾಲ್ಕೂ ಕೋಣೆಗಳಿಗೆ ಮುಂಗಡ ಬಂದಿತ್ತು. ಮಧ್ಯಾಹ್ನ ಅತಿಥಿಗಳ ಕಾರು ಕೆಸರಿನಲ್ಲಿ ಹೂತಿತೆಂದು ಫೋನು ಬಂತು. ಯಜಮಾನರು ಜೀಪು ತೆಗೆದುಕೊಂಡು ಹೊರಟರು. ನಾನು ಒಳಗೆ ಹಾಸಿಗೆ ಬಿಡಿಸುತ್ತಿದ್ದೆ. ಕಣದಲ್ಲಿ ಹರಡಿದ್ದ ಪಾರ್ಚ್‌ಮೆಂಟನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಲು ಒಂದು ಕೈಯೂ ಇರಲಿಲ್ಲ. ನಾನು ಓಡಿಬರುವ ಹೊತ್ತಿಗೆ ನೀರು ಕಣದಿಂದ ಹರಿಯುತ್ತಿತ್ತು. ಕಾಫಿಯ ಬಣ್ಣ ಕೆಟ್ಟಿತು, ಕೊಳ್ಳುವವರು ದರ ಇಳಿಸಿದರು. ಆ ವಾರ ಕೋಣೆಗಳಿಂದ ಬಂದ ಹಣ ಆ ನಷ್ಟದ ಅರ್ಧವನ್ನೂ ತುಂಬಲಿಲ್ಲ.

ಅಂದಿನಿಂದ ಎರಡೇ ಕೋಣೆ. ಆಳು ಬಾರದ ದಿನ ಮನೆಯವರೇ ಎಷ್ಟು ಕೋಣೆ ನಡೆಸಬಲ್ಲರೋ ಅಷ್ಟನ್ನೇ ಇಟ್ಟುಕೊಳ್ಳುವುದು ಎಂದು ನಿಶ್ಚಯಿಸಿದೆವು. ಕೇಂದ್ರ ಸರ್ಕಾರದ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆಯಲ್ಲಿ ಆರು ಕೋಣೆ, 12 ಹಾಸಿಗೆಯವರೆಗೆ ಅವಕಾಶವಿದೆ, ಯಜಮಾನರು ಕುಟುಂಬದೊಡನೆ ಅಲ್ಲೇ ವಾಸವಿರಬೇಕೆಂಬ ನಿಯಮವೂ ಇದೆ. ಅವಕಾಶವಿದೆಯೆಂದು ಆರನ್ನೂ ಮಾಡಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ನಾವು ಒಂದು ಕೋಣೆಯನ್ನು ಮುಚ್ಚಿಯೇ ಬಿಡುತ್ತೇವೆ. ಡಿಸೆಂಬರ್ ಕೊನೆಯಲ್ಲಿ ಜನ ದುಪ್ಪಟ್ಟು ಬಾಡಿಗೆ ಕೊಡುತ್ತೇವೆಂದು ಕೇಳುತ್ತಾರೆ; ಇಲ್ಲವೆನ್ನುವುದು ಕಷ್ಟವೇ.

ಹಾಗಾದರೆ ಆಳು ಬೇಡವೇ? ಬೇಕು. ಯಾವ ಕೆಲಸಕ್ಕೆ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು. ತಿಂಡಿಯನ್ನೂ ಬರಮಾಡಿಕೊಳ್ಳುವುದನ್ನೂ ಮನೆಯವರೇ ಮಾಡಬೇಕು. ಅತಿಥಿ ಹೋಟೆಲು ಬಿಟ್ಟು ನಮ್ಮ ಮನೆಗೆ ಬರುವುದೇ ಅದಕ್ಕಾಗಿ. ಕೋಣೆ, ಶೌಚಾಲಯ, ಬಟ್ಟೆಯ ಕೆಲಸಕ್ಕೆ ಆಳು ಇಡಬಹುದು. ಈ ಕೆಲಸ ಇರುವುದು ಕೋಣೆ ಖಾಲಿಯಾದ ಮೇಲೆ. ಬೆಳಿಗ್ಗೆ ಏಳಕ್ಕೆ ಕರೆಸಿ ಸುಮ್ಮನೆ ಕೂರಿಸುವ ಬದಲು, ಹತ್ತೂವರೆಯಿಂದ ಒಂದೂವರೆವರೆಗೆ ಮೂರು ಗಂಟೆ ಬಂದುಹೋದರೆ ಸಾಕು. ಶುಕ್ರವಾರದಿಂದ ಸೋಮವಾರದವರೆಗೆ ಕೆಲಸ ಹೆಚ್ಚು, ಮಂಗಳವಾರ ರಜೆ. ಸಂಬಳವನ್ನು ತಿಂಗಳ ಲೆಕ್ಕದಲ್ಲೇ ಕೊಡಿ. ಅತಿಥಿ ಬಂದರೆ ಮಾತ್ರ ಕೂಲಿ ಎಂದರೆ ನಂಬಿಕೆಯ ಹೆಂಗಸು ನಿಲ್ಲುವುದಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ರಸ್ತೆ ಮುಚ್ಚಿದಾಗಲೂ, 2020ರಲ್ಲೂ, ತಿಂಗಳುಗಟ್ಟಲೆ ಒಬ್ಬ ಅತಿಥಿಯೂ ಇರಲಿಲ್ಲ. ಆಗ ಅವಳಿಗೆ ತೋಟದಲ್ಲಿ ಕೆಲಸ ಕೊಟ್ಟು ಸಂಬಳ ಮುಂದುವರಿಸಿದೆವು. ಅಂಥ ಎರಡು ತಿಂಗಳ ಸಂಬಳವನ್ನು ಮೊದಲೇ ತೆಗೆದಿಡಲು ಆಗದಿದ್ದರೆ ಆಳಿನ ಆಲೋಚನೆ ಬೇಡ.

ಇನ್ನೊಂದು ಮಾತು. ಪೇಟೆಯಿಂದ ಬಂದ ಕೆಲವರು ಕೆಲಸದವರನ್ನು ಏಕವಚನದಲ್ಲಿ ಗದರುತ್ತಾರೆ. ನಮ್ಮಲ್ಲಿ ಹಾಗೆ ಮಾತಾಡಿದ ಒಂದು ಗುಂಪಿಗೆ ಹಣ ಹಿಂದಿರುಗಿಸಿ ಕಳಿಸಿದ್ದುಂಟು. ಕುಡಿದವರಿರುವ ಕೋಣೆಗೆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕಳಿಸಲೇಬೇಡಿ. ಅವರು ಹೊರಗೆ ಹೋದ ಮೇಲೆಯೇ ಗುಡಿಸಿದರಾಯಿತು.

ಕೈ ಕಡಿಮೆಯಿದ್ದಾಗ ಕೆಲಸ ಹಗುರ ಮಾಡುವ ದಾರಿಗಳೂ ಇವೆ. ಅಕ್ಕಿರೊಟ್ಟಿಯನ್ನು ಒಂದೊಂದಾಗಿ ತಟ್ಟಿ ಬಿಸಿಯಾಗಿಯೇ ಬಡಿಸಬೇಕು. ಒಬ್ಬರು ಒಲೆಯ ಬಳಿಯೇ ನಿಂತಿರಬೇಕಾಗುತ್ತದೆ. ಕಡುಬು ಹಾಗಲ್ಲ, ಒಂದೇ ಸಲಕ್ಕೆ ಎಲ್ಲರಿಗೂ ಬೇಯುತ್ತದೆ. ಆದ್ದರಿಂದ ಆಳು ಬಾರದ ದಿನ ನಮ್ಮ ಮನೆಯಲ್ಲಿ ಕಡುಬು, ಕಾಯಿಚಟ್ನಿ. ಅತಿಥಿಗಳಿಗೆ ಈ ಗುಟ್ಟು ಗೊತ್ತಿಲ್ಲ, ಹೊಗಳಿಕೊಂಡೇ ತಿನ್ನುತ್ತಾರೆ. ಎರಡು ಮೂರು ಬಗೆ ತಿಂಡಿ ಮಾಡಿ ಆರಿಸಿಕೊಳ್ಳಿ ಎನ್ನುವ ದೊಡ್ಡಸ್ತಿಕೆ ಬೇಡ.

ಬಟ್ಟೆಯ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. ಹಾಸಿಗೆಯೊಂದಕ್ಕೆ ಮೂರು ಜೊತೆ ಬೇಕು: ಹಾಸಿದ್ದೊಂದು, ಒಗೆತದಲ್ಲೊಂದು, ಬೀರುವಿನಲ್ಲೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ಜೊತೆಯಾದರೂ ಇರಲಿ. ನಮ್ಮ ಕಡೆ ಮಳೆ ಹಿಡಿದರೆ ಮೂರು ನಾಲ್ಕು ದಿನ ಬಟ್ಟೆ ಒಣಗುವುದಿಲ್ಲ, ಕರೆಂಟು ಹೋದರೆ ಒಗೆಯುವ ಯಂತ್ರವೂ ಮೂಲೆಗೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊದಿಕೆಗೆ ಹೊಗೆ ವಾಸನೆ ಹಿಡಿಯುತ್ತದೆ. ನಮಗದು ಅಭ್ಯಾಸ, ಅತಿಥಿ ಮೂಗು ಮುಚ್ಚುತ್ತಾನೆ. ಒಲೆಯ ಗೋಡೆಯ ಆಚೆ ಬದಿಗೆ ಒಂದು ಚಿಕ್ಕ ಕೋಣೆ ಮಾಡಿ, ಬಿಸಿಯಷ್ಟೇ ಬರುವಂತೆ, ಹೊಗೆ ಬಾರದಂತೆ ಮಾಡಿಸಿದ ಮೇಲೆ ಈ ತೊಂದರೆ ತಪ್ಪಿತು. ನೀಲಿ, ಕೆಂಪು ಬಣ್ಣದ ಹಾಸು ಕೊಳ್ಳಬೇಡಿ. ಬಿಳಿಯದಾದರೆ ಕೊಳೆ ಕಾಣುತ್ತದೆಂಬ ಹೆದರಿಕೆಯೂ ಬೇಡ. ಕುದಿನೀರಿನಲ್ಲಿ ಅದ್ದಿ ತೆಗೆಯಲು ಬಿಳಿಯೇ ಅನುಕೂಲ.

ಕಾಗದಪತ್ರದ ಕೆಲಸವನ್ನು ಆಳಿಗೆ ಬಿಡಬೇಡಿ. ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆಯುವುದು, ವಿದೇಶಿಯರು ಬಂದರೆ 24 ಗಂಟೆಗಳೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ಮಾಹಿತಿ ಕಳಿಸುವುದು, ಇವು ಮನೆಯವರ ಹೊಣೆ. ನಮ್ಮಲ್ಲಿ ಈ ಕೆಲಸ ಯಜಮಾನರದು. ಮೊದಮೊದಲು ನನ್ನ ಮೇಲೆಯೇ ಹಾಕುತ್ತಿದ್ದರು. ಅವರ ಗಂಟೆಗಳಿಗೂ ಪುಸ್ತಕದಲ್ಲಿ ಒಂದು ಪುಟ ತೆರೆದ ಮೇಲೆ, ಅದು ಖಾಲಿಯಿರುವುದನ್ನು ನೋಡಿ ತಾವೇ ವಹಿಸಿಕೊಂಡರು.

ಸಂಜೆ ಕ್ಷೇತ್ರ ಭೇಟಿಯ ಬಸ್ಸು ನಮ್ಮ ತೋಟಕ್ಕೂ ಬರುತ್ತದೆಂದು ಕೇಳಿದೆ. ಬಟ್ಟೆ ಒಣಗಿಸುವ ಕೋಣೆಯನ್ನು ನೋಡಬಹುದು, ಲೆಕ್ಕದ ಪುಸ್ತಕವನ್ನೂ ತೆರೆದು ತೋರಿಸುತ್ತೇನೆ. ಇಂದು ಮಂಗಳವಾರ, ಎರಡೂ ಕೋಣೆ ಖಾಲಿಯಿವೆ. ಕಾಫಿ ನಾನೇ ಮಾಡುತ್ತೇನೆ.